ಆಂಟಾಲಜಿ ಪ್ರಾಜೆಕ್ಟಿಗೆ ಯೂಸ್ ಕೇಸ್ ಬರೆಯಲು ಯುಎಂಎಲ್ ಚಿತ್ರ ಒಳ್ಳೆಯದೋ, ಯೂಸರ್ ಸ್ಟೋರಿಯೋ?

ಎರಡೂ ಬೇಡ. ಆಂಟಾಲಜಿ ಅಂದರೆ ಒಂದು ಕ್ಷೇತ್ರದ ವಿಷಯಗಳನ್ನೂ ಅವುಗಳ ಸಂಬಂಧಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆದ ಮಾದರಿ, ಯೂಸ್ ಕೇಸ್ ಅಂದರೆ ಅದನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಅನ್ನುವ ವಿವರಣೆ. ಯೂಸ್ ಕೇಸ್ ಪೂರ್ತಿ ಮುಗಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ಪ್ರೊಟೆಜೆ (ಆಂಟಾಲಜಿ ಬರೆಯುವ ತಂತ್ರಾಂಶ) ತೆರೆಯುತ್ತೇವೆ ಅಂತ ಬರೆದಿದ್ದೀರಲ್ಲ, ಅದೇ ದಾರಿ ಹಿಡಿದು ನಾವು ನಾಲ್ಕು ತಿಂಗಳ ಕೆಲಸ ಕಳೆದುಕೊಂಡೆವು.

ನಮ್ಮದು ಅಡಿಕೆ ತೋಟಗಳ ರೋಗ ಮತ್ತು ಸಿಂಪರಣೆಯ ನಾಲೆಡ್ಜ್ ಗ್ರಾಫ್, ಅಂದರೆ ಸಂಗತಿಗಳನ್ನು ಸಂಬಂಧಗಳ ಜಾಲವಾಗಿ ಇಡುವ ದತ್ತಾಂಶ. ದಾಖಲೆಯಲ್ಲಿ ಪಾತ್ರಧಾರಿ, ಪೂರ್ವಷರತ್ತು, ಮುಖ್ಯ ಹರಿವು, ಪರ್ಯಾಯ ಹರಿವು ಎಲ್ಲವೂ ಇದ್ದವು. ಮೂರನೇ ಯೂಸ್ ಕೇಸಿನ ತಿರುಳು ಒಂದು ಸಾಲು: “ಕ್ಷೇತ್ರ ಅಧಿಕಾರಿ ಕೊಳೆರೋಗದ ನಿರ್ವಹಣೆಯ ಮಾಹಿತಿ ಪಡೆಯುತ್ತಾರೆ.” ಯಾರೂ ತಕರಾರು ತೆಗೆಯಲಿಲ್ಲ, ತೆಗೆಯಲು ಆ ಸಾಲಿನಲ್ಲಿ ಏನೂ ಇರಲಿಲ್ಲ. ಅದನ್ನು ಓದಿ ರೋಗಕ್ಕೊಂದು ಕ್ಲಾಸ್ (ವರ್ಗ), ಔಷಧಕ್ಕೊಂದು ಕ್ಲಾಸ್, ನಡುವೆ ‘ಪರಿಹಾರ’ ಅನ್ನುವ ಪ್ರಾಪರ್ಟಿ (ಸಂಬಂಧ) ಇಟ್ಟೆವು. ಕೊಳೆರೋಗ, ಪರಿಹಾರ, ಬೋರ್ಡೋ ದ್ರಾವಣ. ದಾಖಲೆಗೆ ಸರಿಯಾಗಿ ಹೊಂದುತ್ತಿತ್ತು.

ಬಳಕೆಗೆ ಕೊಟ್ಟಾಗ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: “ಮೊದಲ ಸಿಂಪರಣೆ ಆಗಿ 45 ದಿನ ದಾಟಿದರೂ ಎರಡನೇದು ಹೊಡೆಯದ ತೋಟ ಯಾವ್ಯಾವುದು?” ಕೊಳೆರೋಗಕ್ಕೆ ಶೇ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುತ್ತಾರೆ. ಔಷಧದ ಹೆಸರು ಅವರಿಗೆ ಬಾಯಿಪಾಠ. ಬೇಕಿದ್ದದ್ದು ದಿನಾಂಕ, ನಮ್ಮ ಮಾಡೆಲಿನಲ್ಲಿ ದಿನಾಂಕ ಇಡಲು ಜಾಗವೇ ಇರಲಿಲ್ಲ.

ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಯೋಜನೆಯಲ್ಲೂ ಅದೇ ಕಾಣುತ್ತಿದೆ. ಸಿಂಪರಣೆ ಒಂದು ಘಟನೆ. ಅದಕ್ಕೆ ತೋಟ, ದಿನಾಂಕ, ದ್ರಾವಣ, ಪ್ರಮಾಣ ಎಲ್ಲ ಅಂಟಿಕೊಂಡಿರುತ್ತವೆ. ಆರ್‌ಡಿಎಫ್ ಅನ್ನುವ ಗ್ರಾಫ್ ದತ್ತಾಂಶದ ಮಾನದಂಡದಲ್ಲಿ ಪ್ರಾಪರ್ಟಿಗೆ ಎರಡೇ ತುದಿ. ರೋಗ ಒಂದು ತುದಿ, ಔಷಧ ಇನ್ನೊಂದು ತುದಿಯಾದರೆ ಉಳಿದದ್ದೆಲ್ಲ ಹೊರಗುಳಿಯುತ್ತದೆ. ‘ಸಿಂಪರಣೆ’ಯನ್ನೇ ಕ್ಲಾಸ್ ಮಾಡಿ ಎಲ್ಲವನ್ನೂ ಅದಕ್ಕೆ ಕಟ್ಟಬೇಕು. ಇದು ಮೊದಲ ದಿನ ಹತ್ತು ನಿಮಿಷದ ಕೆಲಸ. ದತ್ತಾಂಶ ತುಂಬಿದ ಮೇಲೆ ಮಾಡಿದರೆ ಲೋಡ್ ಮಾಡುವ ಸ್ಕ್ರಿಪ್ಟ್, ಕ್ವೆರಿ, ಫಾರ್ಮ್ ಎಲ್ಲವನ್ನೂ ಮತ್ತೆ ಬರೆಯಬೇಕು. ನಾವು ಬರೆದೆವು.

ಇನ್ನೂ ಆಳದ ತೊಡಕು ‘ಹೊಡೆಯದ’ ಅನ್ನುವ ಪದದಲ್ಲಿತ್ತು. ಔಲ್ ಅನ್ನುವ ಆಂಟಾಲಜಿ ಭಾಷೆಯಲ್ಲಿ ತರ್ಕಿಸುವ ತಂತ್ರಾಂಶವಾದ ರೀಸನರ್‌ಗೆ ದಾಖಲೆ ಇಲ್ಲ ಅಂದರೆ ‘ಗೊತ್ತಿಲ್ಲ’ ಅಂತಲೇ ಹೊರತು ‘ಆಗಿಲ್ಲ’ ಅಂತಲ್ಲ. ದತ್ತಾಂಶಕ್ಕೆ ಪ್ರಶ್ನೆ ಹಾಕುವ ಕ್ವೆರಿ ಭಾಷೆಯಾದ ಸ್ಪಾರ್ಕಲ್‌ನ ನಾಟ್ ಎಗ್ಸಿಸ್ಟ್ಸ್ ಮಾತ್ರ ಕೈಲಿರುವ ದತ್ತಾಂಶವನ್ನಷ್ಟೇ ನೋಡಿ ‘ಇಲ್ಲ’ ಅನ್ನುತ್ತದೆ. ತಮ್ಮ ಮಟ್ಟಿಗೆ ಎರಡೂ ಸರಿ. ಆದರೆ ಔಷಧ ಹೊಡೆದೂ ಬರೆಸದ ರೈತನ ತೋಟ ಪಟ್ಟಿಯಲ್ಲಿ ಬಂತು, ಅಧಿಕಾರಿ ಮಳೆಯಲ್ಲಿ ಸುಮ್ಮನೆ ಅಷ್ಟು ದೂರ ಹೋಗಿ ಬಂದರು. ಕೊನೆಗೆ ತೋಟಕ್ಕೆ ‘ಕೊನೆಯ ಭೇಟಿ’ ದಿನಾಂಕ ಸೇರಿಸಿ, ಉತ್ತರವನ್ನು ‘ಹೊಡೆದಿಲ್ಲ’ ಮತ್ತು ‘ದಾಖಲೆ ಇಲ್ಲ’ ಅಂತ ಎರಡು ಕಾಲಂ ಮಾಡಿದೆವು.

ಇಷ್ಟಕ್ಕೂ ಕಾರಣ ಒಂದೇ: ಯೂಸ್ ಕೇಸಿನಲ್ಲಿ ನಿರೀಕ್ಷಿತ ಉತ್ತರ ಬರೆದಿರಲಿಲ್ಲ. ಐದು ಸಾಲಿನ ಒಂದು ಪಟ್ಟಿ ಕೈಯಲ್ಲಿ ತುಂಬಿಸಿದ್ದರೆ ದಿನಾಂಕದ ಕಾಲಂ ತಾನಾಗಿ ಬರುತ್ತಿತ್ತು. “ಯಾರೂ ಹೋಗದ ತೋಟಕ್ಕೆ ಇಲ್ಲಿ ಏನು ಬರೆಯೋಣ?” ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಹಾಗಾಗಿ ಒಂದು ಯೂಸ್ ಕೇಸಿಗೆ ಒಂದೇ ಹಾಳೆ. ಮೇಲೆ ಕೇಳುವವರು ಯಾರು, ಉತ್ತರ ಸಿಕ್ಕ ಮೇಲೆ ಅವರು ಏನು ಮಾಡುತ್ತಾರೆ. ಈ ಎರಡನೆಯದು ಖಾಲಿ ಉಳಿದರೆ ಆ ಯೂಸ್ ಕೇಸನ್ನೇ ಕೈಬಿಡಿ. ಆಮೇಲೆ ಪ್ರಶ್ನೆ, ಅವರದೇ ಮಾತಿನಲ್ಲಿ, ನೀವು ತಿದ್ದದೆ. ಅದರ ಕೆಳಗೆ ತುಂಬಿದ ಉತ್ತರದ ಪಟ್ಟಿ. ನಂತರ ಯಾವ ದತ್ತಾಂಶ, ಯಾರ ಬಳಿ, ಯಾವ ಫಾರ್ಮ್ಯಾಟ್, ಎಷ್ಟು ದಿನಕ್ಕೊಮ್ಮೆ ಹೊಸದಾಗುತ್ತದೆ, ಬಳಸಲು ಅನುಮತಿ ಇದೆಯೇ. ಕೊನೆಗೆ ಉತ್ತರ ಖಾಲಿ ಬಂದರೆ ಪರದೆಯ ಮೇಲೆ ಏನು ತೋರಿಸಬೇಕು ಅನ್ನುವುದು. ಪರ್ಯಾಯ ಹರಿವು ಅಂತ ಬರೆಯಬೇಕಾದ್ದು ಇದನ್ನೇ. ಮೊದಲ ಸುತ್ತಿಗೆ ಐದಾರು ಹಾಳೆ ಸಾಕು, ಒಂದೊಂದರಲ್ಲಿ ಹತ್ತರ ಒಳಗೆ ಪ್ರಶ್ನೆ.

ಈ ಪ್ರಶ್ನೆಗಳಿಗೆ ಕಾಂಪಿಟೆನ್ಸಿ ಕ್ವೆಶ್ಚನ್ ಅನ್ನುತ್ತಾರೆ. ಟೊರೊಂಟೊ ವಿಶ್ವವಿದ್ಯಾಲಯದ ಗ್ರುನಿಂಗರ್ ಮತ್ತು ಫಾಕ್ಸ್ 1995ರಲ್ಲೇ ಈ ವಿಧಾನ ಮುಂದಿಟ್ಟರು. ಪ್ರಶ್ನೆ ಬರೆದ ದಿನವೇ ಅದರ ಸ್ಪಾರ್ಕಲ್ ಕ್ವೆರಿಯನ್ನೂ, ಇಪ್ಪತ್ತು ಮೂವತ್ತು ಟ್ರಿಪಲ್‌ಗಳ (ಎರಡು ತುದಿ, ನಡುವೆ ಸಂಬಂಧ ಇರುವ ಒಂದೊಂದು ಸಂಗತಿ) ಪುಟ್ಟ ಟರ್ಟಲ್ ಫೈಲನ್ನೂ (ಆರ್‌ಡಿಎಫ್ ಬರೆಯುವ ಪಠ್ಯರೂಪ) ಕೈಯಾರೆ ಬರೆಯಿರಿ. ಬೇಕಂತಲೇ ದಾಖಲೆ ಇಲ್ಲದ ಒಂದು ತೋಟ, ಮುಂದಿನ ವರ್ಷದ ದಿನಾಂಕ ಬಿದ್ದ ಒಂದು ಸಿಂಪರಣೆ ಅದರಲ್ಲಿರಲಿ. ಮೊದಲನೆಯದನ್ನು ಕ್ವೆರಿ ಸರಿಯಾದ ಕಾಲಮ್ಮಿಗೆ ಹಾಕಬೇಕು, ಎರಡನೆಯದನ್ನು ಶ್ಯಾಕಲ್ (ದತ್ತಾಂಶ ಸರಿಯಿದೆಯೇ ಅಂತ ಪರೀಕ್ಷಿಸುವ ಭಾಷೆ) ನಿಯಮ ಹಿಡಿಯಬೇಕು. “ಪ್ರತಿ ಸಿಂಪರಣೆಗೂ ಒಂದೇ ದಿನಾಂಕ ಕಡ್ಡಾಯ” ಅನ್ನುವಂಥದ್ದನ್ನು ಔಲ್ ಕಾರ್ಡಿನಾಲಿಟಿಯಲ್ಲಿ (ಎಷ್ಟಿರಬೇಕು ಅನ್ನುವ ನಿಯಮದಲ್ಲಿ) ಬರೆದು ಕಾಯಬೇಡಿ. ದಿನಾಂಕ ಇಲ್ಲದಿದ್ದರೆ ರೀಸನರ್ ತಪ್ಪು ಅನ್ನುವುದಿಲ್ಲ, ಎಲ್ಲೋ ಒಂದಿದೆ ಅಂದುಕೊಂಡು ಮುಂದೆ ಹೋಗುತ್ತದೆ.

ಕನ್ನಡ ಹೆಸರುಗಳಿದ್ದರೆ ಹಾಳೆಯಲ್ಲಿ ಇನ್ನೊಂದು ಸಾಲು ಬೇಕು. ಕೊಳೆರೋಗವನ್ನು ಮಹಾಳಿ ಅಂತಲೂ ಕರೆಯುತ್ತಾರೆ. ಪದಕೋಶಗಳನ್ನು ಬರೆಯುವ ಮಾನದಂಡವಾದ ಸ್ಕಾಸ್‌ನಲ್ಲಿ ಒಂದು ಭಾಷೆಗೆ ಒಂದೇ ಪ್ರಿಫ್‌ಲೇಬಲ್ (ಮುಖ್ಯ ಹೆಸರು), ಉಳಿದವು ಆಲ್ಟ್‌ಲೇಬಲ್ (ಪರ್ಯಾಯ ಹೆಸರು). ಭಾಷೆಯ ಟ್ಯಾಗ್ ಇರುವ ‘ಕೊಳೆರೋಗ’ವೂ ಟ್ಯಾಗ್ ಇಲ್ಲದ್ದೂ ಸ್ಪಾರ್ಕಲ್‌ಗೆ ಬೇರೆ ಬೇರೆ. ಅದಕ್ಕಿಂತ ಕಣ್ಣಿಗೆ ಬೀಳದ್ದು ಇನ್ನೊಂದಿದೆ: ‘ಕೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟ್ (ಅಕ್ಷರದ ಸಂಕೇತಸಂಖ್ಯೆ) ಆಗಿಯೂ ಎರಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಹೋಲಿಸಿದರೆ ಬೇರೆ. ದತ್ತಾಂಶ ಒಳಗೆ ಬರುವಾಗಲೇ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಅಂಥವನ್ನೆಲ್ಲ ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್ ರೂಪಕ್ಕೆ, ತನ್ನಿ.

ಚಿತ್ರಗಳ ಬಗ್ಗೆ ಕೇಳಿದ್ದಿರಿ. ಮೇಲಿನವರಿಗೆ ತೋರಿಸಲು ಒಂದು ಬಿಡಿಸಿ, ಸಾಕು. ಅದರ ಬದಲು ಒಂದು ಕೋಷ್ಟಕ ಇಡಿ: ಒಂದು ಕಡೆ ಪ್ರಶ್ನೆಗಳು, ಇನ್ನೊಂದು ಕಡೆ ಕ್ಲಾಸ್ ಮತ್ತು ಪ್ರಾಪರ್ಟಿಗಳು. ಯಾವ ಪ್ರಶ್ನೆಗೂ ಬೇಡವಾದ ಕ್ಲಾಸ್ ಎಷ್ಟೇ ಚೆಂದವಿದ್ದರೂ ತೆಗೆಯಿರಿ. ಎಲ್ಲ ಪ್ರಶ್ನೆಗಳಿಗೂ ಒಂದೇ ಡೇಟಾಬೇಸಿನ ಎರಡು ಟೇಬಲ್ ಸೇರಿಸಿ ಉತ್ತರ ಸಿಗುತ್ತದೆ ಅಂತ ಕಂಡರೆ ಆಂಟಾಲಜಿ ಬೇಡ, ಎಸ್‌ಕ್ಯೂಎಲ್ ಸಾಕು ಅಂತ ಆಗಲೇ ಹೇಳಿಬಿಡಿ.

ಹಾಳೆ, ಟರ್ಟಲ್ ಫೈಲ್, ಕ್ವೆರಿ ಮೂರನ್ನೂ ಗಿಟ್‌ನ (ಫೈಲುಗಳ ಬದಲಾವಣೆ ದಾಖಲಿಸುವ ವ್ಯವಸ್ಥೆ) ಒಂದೇ ಫೋಲ್ಡರಿನಲ್ಲಿಡಿ. ಪ್ರಶ್ನೆಯಲ್ಲಿ ಒಂದು ಪದ ಬದಲಾದರೂ ಮೂರೂ ಒಂದೇ ಕಮಿಟ್‌ನಲ್ಲಿ ಬದಲಾಗಲಿ.