16 ಸಾವಿರ ಅಂದ್ರು, ಕೈಗೆ ಬಂದಿದ್ದು 11,500

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ, ಸಂಬಳ, ಬಜೆಟ್ಟಿನ ಬಗ್ಗೆಯೇ ಇವೆ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಾರ್, ಐಟಿಐ ಮುಗಿಸಿ ವೇಮಗಲ್ ಕಡೆ ಒಂದು ಫ್ಯಾಕ್ಟರಿಗೆ ಸೇರಿ ಎಂಟು ತಿಂಗಳಾಯಿತು. ಸೇರಿಸುವಾಗ ಏಜೆನ್ಸಿಯವರು 16 ಸಾವಿರದ ಮೇಲೆ ಅಂದಿದ್ದರು. ಕೈಗೆ ಬರುತ್ತಿರುವುದು 11,500. ಕೇಳಿದರೆ ‘ಪಿಎಫ್, ಇಎಸ್‌ಐ ಹೋಗುತ್ತಪ್ಪಾ’ ಅಂತಾರೆ. ಅಷ್ಟೊಂದು ಹೋಗುತ್ತಾ?
– ಕೋಲಾರ ತಾಲ್ಲೂಕಿನ ಓದುಗ

ಉತ್ತರ: ನಿಮ್ಮ ಸಂಬಳದ ಚೀಟಿ ನನ್ನ ಮುಂದೆ ಇಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ಅಂತ ಇಟ್ಟುಕೊಳ್ಳಿ. ನಿಮ್ಮ ಪಾಲಿನ ಪಿಎಫ್ (ಭವಿಷ್ಯ ನಿಧಿ) ಶೇ 12, ಅಂದರೆ 1,680. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75, ಅಂದರೆ 105. ಉಳಿಯುವುದು 12,215. ಬಸ್ಸು, ಕ್ಯಾಂಟೀನು ಅಂತ 715 ಹಿಡಿದರೆ ಸರಿಯಾಗಿ 11,500.

ಹಾಗಾದರೆ 16 ಸಾವಿರ ಎಲ್ಲಿಂದ ಬಂತು? ಮಾಲೀಕರು ತಮ್ಮ ಪಾಲಿನದ್ದು ಕಟ್ಟಬೇಕಲ್ಲ, ಪಿಎಫ್ 1,680, ಇಎಸ್‌ಐ ಶೇ 3.25ರ ಲೆಕ್ಕದಲ್ಲಿ 455, ಅದನ್ನೂ ನಿಮ್ಮ ಸಂಬಳದ ಜೊತೆ ಕೂಡಿಸಿ 16,135 ಅಂತ ಬಾಯಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ಹಳ್ಳಿಯಿಂದ ಮೊದಲ ಸಲ ಕೆಲಸಕ್ಕೆ ಬಂದ ಹುಡುಗನಿಗೆ ‘ಸಂಬಳ’ ಅಂದರೆ ಕೈಗೆ ಬರುವ ದುಡ್ಡು, ಕಂಪನಿಗೆ ತಗಲುವ ಖರ್ಚಲ್ಲ, ಇದು ಏಜೆನ್ಸಿಯವರಿಗೂ ಚೆನ್ನಾಗಿ ಗೊತ್ತು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಫ್ಯಾಕ್ಟರಿಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಲೂ ಹೆಚ್ಚಿನವರು ಬೇರೆ ಬೇರೆ ಏಜೆನ್ಸಿಗಳಿಂದ ಗುತ್ತಿಗೆಗೆ ಬಂದವರೇ. ಹೇಳಿದ್ದು ಒಂದು, ಖಾತೆಗೆ ಬಂದಿದ್ದು ಇನ್ನೊಂದು ಅನ್ನುವುದೇ ಆ ಸಿಟ್ಟಿನ ಬೇರು.

ನೀವು ಎರಡು ಕೆಲಸ ಮಾಡಿ. ಮೊದಲು ಮೊಬೈಲ್‌ನಲ್ಲಿ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್ ಹಾಕಿಕೊಂಡು ಪಿಎಫ್ ಪಾಸ್‌ಬುಕ್ ತೆಗೆಯಿರಿ. ನಿಮ್ಮಿಂದ ಹಿಡಿದದ್ದೂ ಅವರು ಕಟ್ಟಬೇಕಾದದ್ದೂ ತಿಂಗಳು ತಿಂಗಳು ಬಿದ್ದಿದೆಯಾ ನೋಡಿ. ಆಮೇಲೆ ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ ನೋಡಿ. ಅದು ಉದ್ಯಮಕ್ಕೆ ಒಂದೊಂದು, ಊರಿನ ವಲಯಕ್ಕೆ ಒಂದೊಂದು, ಕುಶಲ, ಅರೆಕುಶಲ, ಅಕುಶಲ ಅಂತ ದರ್ಜೆಗೆ ಒಂದೊಂದು ಇರುತ್ತೆ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ. ಐಟಿಐ ಓದಿದವನನ್ನು ಯಾವ ದರ್ಜೆಗೆ ಹಾಕಿದ್ದಾರೆ ಅಂತ ಕೇಳಿ, ಆಟ ನಡೆಯುವುದು ಅಲ್ಲೇ. ಪಟ್ಟಿಯ ಜೊತೆ ಹೋಲಿಸಬೇಕಾದದ್ದು ಆ 14,000ವನ್ನು, 16,135ನ್ನಲ್ಲ. ಏಜೆನ್ಸಿಯವರು ಸಂಬಳ ಕೊಡದೆ ಕೈ ಎತ್ತಿದರೆ ಫ್ಯಾಕ್ಟರಿಯ ಮಾಲೀಕರೇ ಕೊಡಬೇಕು. ಇದು ಹಳೆಯ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ.

ಪ್ರಶ್ನೆ: ದೇಶದಲ್ಲಿ ನಿರುದ್ಯೋಗ ಬರೀ ಶೇ 3.2 ಅಂತ ಪೇಪರ್‌ನಲ್ಲಿ ಓದಿದೆ. ನಮ್ಮ ಬೀದಿಯಲ್ಲೇ ಡಿಗ್ರಿ ಮಾಡಿ ಕೂತವರು ಆರು ಜನ ಇದ್ದಾರೆ. ಯಾರು ಸುಳ್ಳು ಹೇಳುತ್ತಿದ್ದಾರೆ?
– ಶಿಡ್ಲಘಟ್ಟದ ಓದುಗರು

ಉತ್ತರ: ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ತಮಾಷೆ. ಈ 3.2 ಬಂದಿದ್ದು ಕೇಂದ್ರದ ಅಂಕಿಅಂಶ ಕಚೇರಿಯ ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ (ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಅಂತ ಆಯ್ದ ಮನೆಗಳಲ್ಲಿ ಕೇಳುವುದು), 2023–24ರದ್ದು, 15 ವರ್ಷ ದಾಟಿದವರ ಲೆಕ್ಕ. ಅದರಲ್ಲಿ ‘ಕೆಲಸದಲ್ಲಿದ್ದಾರೆ’ ಅನ್ನಿಸಿಕೊಳ್ಳಲು ಸಂಬಳವೇ ಬರಬೇಕು ಅಂತಿಲ್ಲ. ನಿಮ್ಮ ಬೀದಿಯ ಆ ಆರು ಜನರಲ್ಲಿ ಯಾರ ಮನೆಯಲ್ಲಾದರೂ ರೇಷ್ಮೆ ಇದೆಯಾ? ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಹುಳ ಹಗಲು ರಾತ್ರಿ ಸೊಪ್ಪು ತಿನ್ನುತ್ತೆ, ಆಗ ಡಿಗ್ರಿ ಆದ ಮಗನೂ ತೋಟಕ್ಕೆ ಹೋಗಲೇಬೇಕು, ಹುಳ ಹಣ್ಣಾದರೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಸೊಸೆಯೂ ಕೂರಬೇಕು. ಒಂದು ರೂಪಾಯಿ ಕೂಲಿ ಇಲ್ಲ. ಸಮೀಕ್ಷೆಯವರ ಪುಸ್ತಕದಲ್ಲಿ ಇಬ್ಬರೂ ಉದ್ಯೋಗಸ್ಥರು, ‘ಮನೆಯ ಉದ್ಯಮಕ್ಕೆ ನೆರವಾಗುವವರು’ ಅನ್ನುವ ಕಾಲಂನಲ್ಲಿ. ವಾರದ ಲೆಕ್ಕದಲ್ಲಂತೂ ಏಳು ದಿನದಲ್ಲಿ ಒಂದು ಗಂಟೆ ದುಡಿದರೂ ಸಾಕು.

ಅದನ್ನು ತಪ್ಪು ಅನ್ನೋಕಾಗಲ್ಲ. ಆ ಸೊಸೆ ದುಡಿಯುತ್ತಿರುವುದು ನಿಜ ತಾನೇ? ಬೇರೆ ದೇಶಗಳಲ್ಲೂ ಸುಮಾರು ಹೀಗೇ ಎಣಿಸುತ್ತಾರೆ. ಬಡವರ ಮನೆಯಲ್ಲಿ ಸುಮ್ನೆ ಕೂರುವ ಹಾಗಿಲ್ಲ, ಏನೋ ಒಂದು ಮಾಡುತ್ತಲೇ ಇರುತ್ತಾರೆ, ಅದಕ್ಕೇ ಆ ಅಂಕಿ ಕೆಳಗೆ ಕಾಣುತ್ತೆ. ನಾನಾದರೆ ಅದೇ ವರದಿಯಲ್ಲಿ ಬೇರೆ ಕೋಷ್ಟಕ ನೋಡುತ್ತೇನೆ: ತಿಂಗಳ ಸಂಬಳದವರು ಎಷ್ಟು, ಅವರಲ್ಲಿ ಕೆಲಸದ ಕರಾರು ಪತ್ರವೇ ಇಲ್ಲದವರು ಎಷ್ಟು, ಕೂಲಿಯಿಲ್ಲದೆ ಮನೆಯಲ್ಲಿ ದುಡಿಯುವ ಹೆಂಗಸರು ಎಷ್ಟು. ನಮ್ಮ ಜಿಲ್ಲೆಗಳ ಕಥೆ ಅಲ್ಲಿದೆ.

ಪ್ರಶ್ನೆ: ಪಾವಗಡಕ್ಕೆ ಸೋಲಾರ್ ಪಾರ್ಕ್ ಬಂತು. ಕೆಲಸ ಎಲ್ಲಿ ಸಾರ್?
– ತಿರುಮಣಿ ಕಡೆಯ ಓದುಗ

ಉತ್ತರ: ಕಟ್ಟುವಾಗ ಇತ್ತು, ಕಟ್ಟಿದ ಮೇಲೆ ಹೋಯಿತು. ಸೋಲಾರ್ ಗುಣವೇ ಅದು. ಕಂಬ ನೆಡಲು, ತಂತಿ ಎಳೆಯಲು ಜನ ಬೇಕು. ಆಮೇಲೆ ಬಿಸಿಲು ತಾನೇ ದುಡಿಯುತ್ತೆ. 13,000 ಎಕರೆ, 2,050 ಮೆಗಾವಾಟ್, ಉಳಿದ ಕೆಲಸ ಸೆಕ್ಯುರಿಟಿ, ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು.

ಭೂಮಿ ಕೊಳ್ಳದೆ ಗೇಣಿಗೆ ಪಡೆದದ್ದು ಒಳ್ಳೆಯ ಯೋಚನೆ, ಅದನ್ನು ಒಪ್ಪುತ್ತೇನೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡಿದ್ದವರಿಗೆ ಇದು ವರವೇ ಸರಿ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು? ಅವರ ಹೆಸರಲ್ಲಿ ಪಹಣಿ ಇಲ್ಲ, ಗೇಣಿಯೂ ಇಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಪಾವಗಡವೂ ಒಂದು. ಬಂಡವಾಳ ಬಂದ ಕೂಡಲೇ ತಾಲ್ಲೂಕು ಮುಂದೆ ಬಂತು ಅಂತ ಬರೆದುಬಿಡುವುದು ಸುಲಭ. ಪಹಣಿ ಇಲ್ಲದವನ ಮನೆಗೆ ತಿಂಗಳಿಗೆ ಎಷ್ಟು ದಿನದ ಕೂಲಿ ಬರುತ್ತೆ ಅಂತ ಯಾರಾದರೂ ಎಣಿಸಬೇಕು.

ಪ್ರಶ್ನೆ: ಬಜೆಟ್ ಭಾಷಣದಲ್ಲಿ ನಮ್ಮ ತಾಲ್ಲೂಕಿನ ಹೆಸರು ಬಂದು ಎರಡು ವರ್ಷವಾಯಿತು. ಒಂದು ಕಲ್ಲೂ ಬಿದ್ದಿಲ್ಲ. ಎಲ್ಲಿ ಹುಡುಕಲಿ?
– ಮಧುಗಿರಿಯ ಒಬ್ಬ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಭಾಷಣದಲ್ಲಿ ಹುಡುಕಬೇಡಿ. ‘ಕ್ರಮ ವಹಿಸಲಾಗುವುದು’ ಅಂತ ಇದ್ದರೆ ಅದಕ್ಕೆ ದುಡ್ಡು ಇಟ್ಟಿಲ್ಲ ಅಂತಲೇ ಮೊದಲು ಅನುಮಾನಪಡಿ. ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಬಜೆಟ್‌ನ ದಪ್ಪ ಸಂಪುಟಗಳಿವೆ. ಒಂದೊಂದು ಲೆಕ್ಕ ಶೀರ್ಷಿಕೆಗೂ ಪಕ್ಕಪಕ್ಕದಲ್ಲಿ ಕಾಲಂ ಇರುತ್ತೆ. 2025ರ ಮಾರ್ಚ್‌ನಲ್ಲಿ ಮಂಡಿಸಿದ ಪುಸ್ತಕದಲ್ಲಾದರೆ 2023–24ರ ನಿಜವಾದ ಲೆಕ್ಕ, 2024–25ರ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಆಮೇಲೆ 2025–26ರ ಹೊಸ ಅಂದಾಜು. ಎಲ್ಲರೂ ಕೊನೆಯದನ್ನು ಓದಿ ಚಪ್ಪಾಳೆ ಹೊಡೆಯುತ್ತಾರೆ. ನೀವು ಮೊದಲನೆಯದನ್ನು ಓದಿ, ಖರ್ಚಾಗಿದ್ದು ಮಾತ್ರ ಅಲ್ಲಿರುತ್ತೆ. ಪರಿಷ್ಕೃತ ಅಂದಾಜಿನಲ್ಲಿ ಮೊತ್ತ ಸಣ್ಣಗಾಗಿದ್ದರೆ ವರ್ಷದ ನಡುವೆಯೇ ಅದಕ್ಕೆ ಕತ್ತರಿ ಬಿದ್ದಿದೆ. ಜಿಲ್ಲಾ ಪಂಚಾಯತಿ ಪಾಲಿಗೆ ಲಿಂಕ್ ಡಾಕ್ಯುಮೆಂಟ್ ಅಂತ ಬೇರೆಯೇ ಇದೆ, ಜಿಲ್ಲಾವಾರು ಇರುತ್ತೆ. ಹತ್ತನೇ ತರಗತಿ ಮಕ್ಕಳ ಕೈಲಿ ಒಂದು ದಿನ ಓದಿಸಿ ನೋಡಿ, ಶೇಕಡಾವಾರು ಲೆಕ್ಕ ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲೂ ಬರಲ್ಲ.

ಪ್ರಶ್ನೆ: ಗೃಹಲಕ್ಷ್ಮಿ ಬಂದ ಮೇಲೆ ಟೊಮೊಟೊ ಕೀಳಲು ಹೆಂಗಸರೇ ಸಿಗುತ್ತಿಲ್ಲ. ಗ್ಯಾರಂಟಿಗಳಿಂದ ಖಜಾನೆ ಖಾಲಿ, ಹೊಲವೂ ಖಾಲಿ. ಏನಂತೀರಿ?
– ಮುಳಬಾಗಿಲಿನ ರೈತರು

ಉತ್ತರ: ಖಜಾನೆ ವಿಷಯ ಮೊದಲು. 2025–26ರ ಬಜೆಟ್ 4,09,549 ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು ಸುಮಾರು 51 ಸಾವಿರ ಕೋಟಿ. ಎಂಟರಲ್ಲಿ ಒಂದು ಪಾಲು. ಸಣ್ಣದಲ್ಲ, ರಸ್ತೆ, ಕೆರೆಗೆ ಹೋಗಬಹುದಿದ್ದ ದುಡ್ಡೂ ಅದರಲ್ಲಿದೆ, ನಿಮ್ಮ ಆತಂಕ ಸುಳ್ಳಲ್ಲ. ಆದರೆ ಹೊಲದ ಲೆಕ್ಕ ಬೇರೆ. ತಿಂಗಳಿಗೆ 2,000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅದೇ ವರ್ಷ ನರೇಗಾ ಕೂಲಿ ರಾಜ್ಯದಲ್ಲಿ ದಿನಕ್ಕೆ 370 ಇತ್ತು, ಗಂಡಸಿಗೂ ಹೆಂಗಸಿಗೂ ಒಂದೇ. 66 ರೂಪಾಯಿ ಇದೆ ಅಂತ ಒಬ್ಬಾಕೆ ನಿಮ್ಮ ತೋಟಕ್ಕೆ ಬರುವುದನ್ನೇ ಬಿಟ್ಟಳು ಅಂದರೆ, ತೋಟದ ಕೂಲಿ ಎಷ್ಟಿತ್ತು ಅಂತ ಕೇಳಬೇಕಾಗುತ್ತೆ ಅಲ್ವಾ? ಬೆಳಿಗ್ಗೆ ಊರ ಮುಂದೆ ಗಾರ್ಮೆಂಟ್ಸ್ ಗಾಡಿ ಬಂದು ನಿಲ್ಲುತ್ತಿದೆಯಾ ಅಂತಲೂ ನೋಡಿ. ದಿನಗೂಲಿ ಎಷ್ಟು ಕೊಡುತ್ತೀರಿ ಅನ್ನುವುದೊಂದು ಮಾತ್ರ ನಿಮ್ಮ ಎರಡು ಪುಟದ ಪತ್ರದಲ್ಲಿ ಇಲ್ಲ. ಮುಂದಿನ ಸಲ ಅದನ್ನೂ ಬರೆಯಿರಿ.