ಅಪವಾದ ಯಾರ ಮೇಲೆ?

ಪತ್ರ: ವಾದಕ್ಕೆ ಕೂತಾಗ ಗೆಳೆಯ ‘ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’ (ವಿನಾಯಿತಿಯೇ ನಿಯಮವನ್ನು ಸಾಬೀತುಪಡಿಸುತ್ತದೆ) ಎಂದು ನನ್ನ ಬಾಯಿ ಮುಚ್ಚಿಸಿದ. ನಿಯಮಕ್ಕೆ ಹೊಂದದ ಉದಾಹರಣೆ ಸಿಕ್ಕರೆ ನಿಯಮ ಬೀಳಬೇಕಲ್ಲವೇ? ಇಲ್ಲಿ ‘ಪ್ರೂವ್’ ಎಂದರೆ ‘ಪರೀಕ್ಷಿಸು’ ಎನ್ನುವವರೂ ಇದ್ದಾರೆ. ಯಾವುದು ಸರಿ?

ಸಂಪಾದಕರ ಉತ್ತರ: ಬೀಳಲೇಬೇಕು. ಅಷ್ಟು ಸರಿಯಾಗಿ ಯೋಚಿಸಿದ ನೀವು ಬಾಯಿ ಮುಚ್ಚಿಕೊಂಡಿರಲ್ಲ, ಅದೇ ತಪ್ಪು!

‘ಪರೀಕ್ಷಿಸು’ ಎಂಬ ಹಳೆಯ ಅರ್ಥ ‘ಪ್ರೂವ್’ಗೆ ಇದ್ದದ್ದು ನಿಜ, ಒಪ್ಪೋಣ. ಆದರೆ ಈ ಮಾತಿನ ಬೇರು ನ್ಯಾಯಾಲಯದಲ್ಲಿದೆ. ಕ್ರಿ.ಪೂ. 56ರ ರೋಮ್. ಇಂದಿನ ಸ್ಪೇನಿನ ಕಾದಿಸ್ ಊರಿನ ಬಾಲ್ಬಸ್‌ಗೆ ಸಿಕ್ಕ ರೋಮನ್ ಪೌರತ್ವ ಅಕ್ರಮವೆಂದು ದಾವೆ. ಬೇರೆ ಕೆಲವು ಜನಾಂಗಗಳ ಜೊತೆ ರೋಮ್ ಮಾಡಿಕೊಂಡ ಒಪ್ಪಂದದಲ್ಲಿ ‘ಇವರಲ್ಲಿ ಯಾರಿಗೂ ಪೌರತ್ವ ಕೂಡದು’ ಎಂಬ ಷರತ್ತಿತ್ತು. ಎದುರಾಳಿ ಅದನ್ನೇ ಹಿಡಿದ. ಬಾಲ್ಬಸ್ ಪರ ನಿಂತ ವಾಗ್ಮಿ ಸಿಸೆರೊ ಅದನ್ನೇ ತಿರುಗಿಸಿದ: ಅವರಿಗೆ ಕೂಡದೆಂದು ಬರೆದಿದ್ದೀರಿ ಎಂದಮೇಲೆ, ಹಾಗೆ ಬರೆಯದ ಕಡೆ ಕೊಡಬಹುದೆಂದೇ ಆಯಿತು. ಬಾಲ್ಬಸ್ ಗೆದ್ದ. ವಿನಾಯಿತಿ ಹೆಸರಿಸಿದ್ದೇ ವಿನಾಯಿತಿ ಇಲ್ಲದ ಕಡೆ ನಿಯಮವಿದೆ ಎನ್ನಲು ಆಧಾರ ಎಂದು ಮುಂದೆ ವಕೀಲರು ಲ್ಯಾಟಿನ್ನಿನಲ್ಲಿ ಸೂತ್ರ ಕಟ್ಟಿಕೊಂಡರು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಇಳಿದ ಮೇಲೆ ‘ವಿನಾಯಿತಿ ಇಲ್ಲದ ಕಡೆ’ ಎಂಬ ಬಾಲ ಉದುರಿಹೋಯಿತು. ಪ್ರಾಣವಿದ್ದದ್ದೇ ಆ ಬಾಲದಲ್ಲಿ.

‘ಭಾನುವಾರ ವಾಹನ ನಿಲುಗಡೆ ಉಚಿತ’ ಎಂಬ ಫಲಕ ನೋಡಿ. ಮಿಕ್ಕ ಆರು ದಿನ ದುಡ್ಡು ಕೊಡಿ ಎಂದು ಅದರಲ್ಲಿಲ್ಲ. ಆದರೂ ಸೋಮವಾರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಗುಟ್ಟು ಇಷ್ಟೇ. ಫೌಲರ್ 1926ರಲ್ಲೇ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಇದನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ಯಾರು ಕೇಳಿದರು?

ಅಷ್ಟು ದೂರ ಯಾಕೆ, ಸಂಸ್ಕೃತ ವ್ಯಾಕರಣದಲ್ಲಿ ಉತ್ಸರ್ಗ (ಸಾಮಾನ್ಯ ನಿಯಮ)–ಅಪವಾದ (ಅದಕ್ಕೆ ವಿನಾಯಿತಿಯಾದ ವಿಶೇಷ ನಿಯಮ) ಎಂಬ ಚೊಕ್ಕ ಜೋಡಿಯಿದೆ. ಅಪವಾದ ಗೆಲ್ಲುವುದು ತನ್ನ ಜಾಗದಲ್ಲಿ ಮಾತ್ರ, ಉಳಿದೆಡೆ ಉತ್ಸರ್ಗದ್ದೇ ರಾಜ್ಯ. ಇದನ್ನು ಬಿಟ್ಟು ನಮ್ಮ ಬರಹಗಾರರು ಇಂಗ್ಲಿಷಿನ ಬಾಲವಿಲ್ಲದ ಮಾತನ್ನೇ ‘ಅಪವಾದವೇ ನಿಯಮವನ್ನು ಸಾಬೀತುಪಡಿಸುತ್ತದೆ’ ಎಂದು ಇಳಿಸುತ್ತಾರೆ. ಕನ್ನಡದ ಕಿವಿಗೆ ಅಪವಾದವೆಂದರೆ ಮೊದಲು ಕೇಳುವುದು ಯಾರೋ ತಲೆಗೆ ಕಟ್ಟಿದ ಕಳಂಕ!

ಮೊನ್ನೆ ಮೇಜಿಗೆ ಬಂದ ವಿಮರ್ಶೆಯೊಂದರಲ್ಲಿ ಕವಿಯ ಸಂಕಲನಗಳೆಲ್ಲ ನೀರಸ, ಎರಡನೆಯದು ಮಾತ್ರ ಚೆನ್ನ, ಹಿಂದೆಯೇ ಈ ವಾಕ್ಯ. ಅದನ್ನು ಹೊಡೆದುಹಾಕಿ ‘ಎರಡನೆಯದನ್ನು ಬಿಟ್ಟು’ ಎಂದು ಸೇರಿಸಿದೆ. ‘ತೂಕವೇ ಹೋಯಿತಲ್ಲ ಸರ್’ ಎಂದು ಲೇಖಕರು ಫೋನಿನಲ್ಲಿ ಕೊರಗಿದರು. ವಿಮರ್ಶೆ ಇದೇ ಸಂಚಿಕೆಯಲ್ಲಿದೆ. ತೂಗಿ ನೋಡಿ ಬರೆಯಿರಿ.