ಕೇಳಿ, ಹೇಳ್ತೀನಿ: ಸ್ಟೇಜ್ ಹಿಂದಿನವರು ಸೇರೋ ಲಂಡನ್ ಸಭೆ

ಹೋದ ಸಂಚಿಕೇಲಿ ದೊಡ್ಡ ಕಾನ್ಸರ್ಟ್‌ಗಳು ಹೆಂಗೆ ಬುಕ್ ಆಗ್ತವೆ ಅಂತ ಬರೀವಾಗ ಲಂಡನ್ನಿನ ಇಂಟರ್‌ನ್ಯಾಷನಲ್ ಲೈವ್ ಮ್ಯೂಸಿಕ್ ಕಾನ್ಫರೆನ್ಸ್, ಅಂದ್ರೆ ಐಎಲ್‌ಎಂಸಿ ಹೆಸರು ಬಂದಿತ್ತು. ಈ ಸಲ ಬಂದಿರೋ ಪತ್ರಗಳೆಲ್ಲ ಹೆಚ್ಚುಕಮ್ಮಿ ಅದರ ಸುತ್ತಾನೇ ಇವೆ, ಅದಕ್ಕೇ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಸರ್, ಐಎಲ್‌ಎಂಸೀಲಿ ಯಾವ ಬ್ಯಾಂಡ್‌ಗಳು ಹಾಡ್ತವೆ? ಟಿಕೆಟ್ ನಮ್ಮಂಥೋರಿಗೂ ಸಿಗತ್ತಾ? (ಓದುಗ, ಬೆಂಗಳೂರು)

ಉತ್ತರ: ಹಾಡು ಕೇಳೋಕೆ ಅಂತ ಹೋಗೋ ಜಾಗ ಅಲ್ಲ ಅದು. ಹಾಡೋರನ್ನ ಊರಿಂದೂರಿಗೆ ಕಳಿಸೋ ಏಜೆಂಟ್‌ಗಳು, ಕರೆಸಿಕೊಳ್ಳೋ ಪ್ರಮೋಟರ್‌ಗಳು, ಫೆಸ್ಟಿವಲ್ ನಡೆಸೋರು, ಹಾಲ್ ಕೊಡೋರು, ಟಿಕೆಟ್ ಮಾರೋರು, ಇನ್ಶೂರೆನ್ಸ್ ಮಾಡಿಸೋರು, ಲಾರಿ ವಿಮಾನದಲ್ಲಿ ಸಾಮಾನು ಸಾಗಿಸೋರು, ಇವರೆಲ್ಲ ವರ್ಷಕ್ಕೊಂದ್ಸಲ ಒಂದೇ ಸೂರಿನಡಿ ಕೂತು ಮಾತಾಡೋ ಜಾಗ. 1989ರಲ್ಲಿ ಮಾರ್ಟಿನ್ ಹೋಪ್‌ವೆಲ್ ಅನ್ನೋ ಬುಕಿಂಗ್ ಏಜೆಂಟ್ ಶುರು ಮಾಡಿದ್ದು. ತುಂಬಾ ವರ್ಷ ಕೆನ್ಸಿಂಗ್ಟನ್ನಿನ ರಾಯಲ್ ಗಾರ್ಡನ್ ಹೋಟೆಲಲ್ಲಿ ನಡೀತಿತ್ತು, ಈಚೆಗೆ ಹೈಡ್ ಪಾರ್ಕ್ ಪಕ್ಕದ ರಾಯಲ್ ಲ್ಯಾಂಕಾಸ್ಟರ್ ಹೋಟೆಲಲ್ಲಿ, ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ. ಸಾವಿರಕ್ಕಿಂತ ಹೆಚ್ಚು ಜನ ಸೇರ್ತಾರೆ. 2020ರ ಮಾರ್ಚಲ್ಲಿ ಲಾಕ್‌ಡೌನ್‌ಗೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಸೇರಿದ್ರು, ಮುಂದಿನ ವರ್ಷ ಪೂರ್ತಿ ಆನ್‌ಲೈನಲ್ಲೇ ಮಾಡಿದ್ರು.

ದುಡ್ಡು ಕಟ್ಟಿದ್ರೆ ಯಾರು ಬೇಕಾದ್ರೂ ಹೋಗಬಹುದು ಅಂತಿಲ್ಲ. ಆಹ್ವಾನ ಬೇಕು, ಹೊಸಬರಿಗೆ ಈಗಾಗಲೇ ಸದಸ್ಯರಾಗಿರೋರು ಶಿಫಾರಸು ಮಾಡಬೇಕು. ನಂಗೆ ಈ ನಿಯಮ ಸರಿ ಅನ್ಸತ್ತೆ. ಯಾಕಂದ್ರೆ ಈ ವ್ಯಾಪಾರದಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಎಷ್ಟೋ ತಿಂಗಳು ಮುಂಚೆ ದುಡ್ಡು ಹಾಕ್ತಾರೆ. ಬೆಂಗಳೂರಿಗೆ 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ ಬಂತು, 2025ರ ಫೆಬ್ರವರೀಲಿ ಎಡ್ ಶೀರನ್ ಎರಡು ದಿನ ಹಾಡಿದ್ರು. ಇಂಥ ಯಾವ ಶೋ ಆದ್ರೂ ಮೊದಲು ಒಬ್ಬ ಏಜೆಂಟು, ಒಬ್ಬ ಪ್ರಮೋಟರು, ನಡುವೆ ಒಂದು ಖಾಲಿ ತಾರೀಖು, ಇಷ್ಟರಿಂದಲೇ ಶುರು. ಆ ತಾರೀಖನ್ನ ಗುರುತೇ ಇಲ್ಲದವರಿಗೆ ಯಾರೂ ಹಿಡಿದಿಡಲ್ಲ.

ಪ್ರಶ್ನೆ: ನಮಸ್ಕಾರ್ರೀ ಸರ, ನಂದು ಸೌಂಡ್ ಬಾಡಿಗಿ ಕೊಡೋ ಧಂದೆ ಐತಿ, ಗಣಪತಿ ಹಬ್ಬ, ಕಾಲೇಜ್ ಫೆಸ್ಟು, ಆರ್ಕೆಸ್ಟ್ರಾ ಎಲ್ಲಾ ಮಾಡ್ತೀನಿ. ದೊಡ್ಡ ಟೂರ್ ಕೆಲಸ ಸಿಗಬೇಕಂದ್ರ ಲಂಡನ್‌ಕ ಹೋಗಿ ಮಂದೀನ್ನ ಭೇಟಿ ಆಗಬೇಕಂತ ದೋಸ್ತ ಹೇಳ್ಯಾನ. ಸಾಲಾ ತಗದು ಹೋಗ್ಲೇನ್ರೀ? (ಓದುಗ, ಹುಬ್ಬಳ್ಳಿ)

ಉತ್ತರ: ಬೇಡ ಅಣ್ಣಾ. ಸಾಲ ಮಾಡಿ ಮಾತ್ರ ಹೋಗಬೇಡಿ. ಐಎಲ್‌ಎಂಸಿ ಜೊತೆಗೇ ಐಪಿಎಂ ಅಂತ ಒಂದು ದಿನದ ಪ್ರೊಡಕ್ಷನ್ ಮೀಟಿಂಗ್ ನಡಿಯತ್ತೆ, ಪ್ರೊಡಕ್ಷನ್ ಮ್ಯಾನೇಜರ್‌ಗಳು, ಸೌಂಡ್ ಲೈಟಿನವರು, ಸೇಫ್ಟಿಯವರು ಸೇರೋದು, ನಿಮ್ಮ ಕೆಲಸಕ್ಕೆ ಹತ್ತಿರ ಇರೋದು ಅದೇ. ಆದ್ರೆ ಅಲ್ಲಿ ಕಾರ್ಡ್ ಹಂಚಿ ಬಂದ್ರೆ ಯಾರೂ ಫೋನ್ ಮಾಡಲ್ಲ. ಅವರು ಕೇಳೋದು ಒಂದೇ, ನಿಮ್ ಜೊತೆ ಮುಂಚೆ ಕೆಲಸ ಮಾಡಿರೋರು ಯಾರು, ಅವರು ಏನಂತಾರೆ. ಅದಕ್ಕೆ ಉತ್ತರ ಹುಬ್ಬಳ್ಳೀಲೇ ತಯಾರಾಗಬೇಕು.

ಸೆಟಲ್‌ಮೆಂಟ್ ಅಂತಾರಲ್ಲ, ಅಂದ್ರೆ ಶೋ ಲೆಕ್ಕ ಚುಕ್ತಾ ಮಾಡೋದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಈ ಧಂಧೆ ಉಸಿರಾಡೋದೇ ಅದರ ಮೇಲೆ. ಹೊರದೇಶದ ಟೂರ್‌ಗಳಲ್ಲಿ ಶೋ ನಡೀತಿರುವಾಗ್ಲೇ ಅಥವಾ ಮುಗಿದ ಕೂಡಲೇ ಕಲಾವಿದರ ಕಡೆಯ ಟೂರ್ ಅಕೌಂಟೆಂಟು, ಪ್ರಮೋಟರು ಎದುರುಬದುರು ಕೂತು ಬಿಲ್ ಹರಡ್ತಾರೆ. ಎಷ್ಟು ಟಿಕೆಟ್ ಹೋಯ್ತು, ಎಷ್ಟು ಫ್ರೀ ಪಾಸ್ ಕೊಟ್ರಿ, ಟ್ಯಾಕ್ಸ್ ಎಷ್ಟು, ಮೈದಾನದ ಬಾಡಿಗೆ, ಜನರೇಟರ್, ಸೆಕ್ಯುರಿಟಿ, ಊಟ, ಎಲ್ಲಾ. ಉದಾಹರಣೆಗೆ ಕಲಾವಿದರಿಗೆ 10 ಲಕ್ಷ ಗ್ಯಾರಂಟಿ, ಇಲ್ಲಾಂದ್ರೆ ಖರ್ಚು ಕಳೆದು ಉಳಿದಿದ್ರಲ್ಲಿ ಶೇ. 85, ಯಾವುದು ಜಾಸ್ತಿಯೋ ಅದು, ಅಂತ ಒಪ್ಪಂದ ಇದೆ ಅಂದ್ಕೊಳ್ಳಿ. ಟ್ಯಾಕ್ಸ್ ಹೋಗಿ 40 ಲಕ್ಷ ಬಂತು, ಖರ್ಚು 20 ಲಕ್ಷ ಆಯ್ತು, ಉಳಿದ 20ರಲ್ಲಿ 17 ಲಕ್ಷ ಕಲಾವಿದರಿಗೆ, 3 ಲಕ್ಷ ಪ್ರಮೋಟರ್‌ಗೆ. ಅಂದ್ರೆ ಪ್ರಮೋಟರ್ ಖರ್ಚು ಜಾಸ್ತಿ ತೋರಿಸಿದ ಪ್ರತಿ ರೂಪಾಯಿಗೂ ಕಲಾವಿದರ ಜೇಬಿಂದ 85 ಪೈಸೆ ಹೋಗತ್ತೆ. ನಿಮ್ಮ ಸೌಂಡ್ ಬಿಲ್ಲೂ ಆ ಕಾಗದದಲ್ಲಿರತ್ತೆ. ನೀವು ಕೊಟ್ಟ ಬಿಲ್ಲು, ತಂದ ಸ್ಪೀಕರ್ ಲೆಕ್ಕ, ಎರಡೂ ಸರಿ ಇದ್ರೆ ಆ ಮಾತು ಮುಂದಿನ ಊರಿಗೆ ನಿಮಗಿಂತ ಮೊದಲೇ ತಲುಪತ್ತೆ.

ಉಲ್ಟಾ ಆಗಿದ್ದೂ ನೋಡಿದೀನಿ. ನಾನು ಹೊಸದರಲ್ಲಿ ಸ್ಟೇಜ್ ಕೆಲಸ ಮಾಡ್ತಿದ್ದ ಒಬ್ಬ ಆಯೋಜಕರು ಶೋ ಮುಗಿದ ರಾತ್ರಿ ಸೌಂಡ್ ಹುಡುಗರಿಗೆ ದುಡ್ಡಿಗೆ ನಾಳೆ ಬನ್ನಿ ಅಂದ್ರು, ನಾಳೆಯಿಂದ ಫೋನೇ ಎತ್ತಲಿಲ್ಲ. ಮರುವರ್ಷ ಅವರದೇ ಇನ್ನೊಂದು ಶೋಗೆ ಆ ಊರಲ್ಲಿ ಒಬ್ಬನೂ ಜನರೇಟರ್ ಕೊಡಲಿಲ್ಲ, ಪಕ್ಕದ ಜಿಲ್ಲೆಯಿಂದ ದುಪ್ಪಟ್ಟು ಬಾಡಿಗೆಗೆ ತರಿಸಿದ್ರು. ಆ ಹುಡುಗರ ಮುಖ ನನಗಿನ್ನೂ ನೆನಪಿದೆ.

ನೀವು ಮೊದಲು ಮುಂಬೈನ ಪಾಮ್ ಎಕ್ಸ್‌ಪೋಗೆ ಹೋಗಿಬನ್ನಿ, ಸೌಂಡ್ ಲೈಟಿನವರ ವಾರ್ಷಿಕ ಪ್ರದರ್ಶನ ಅದು, ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದ್ರಾಯ್ತು. ಹೊಸ ಮಿಕ್ಸರ್ ಮುಟ್ಟಿ ನೋಡಬಹುದು, ನಿಮ್ಮಂಥ ಧಂಧೆಯವರೇ ನೂರಾರು ಜನ ಸಿಗ್ತಾರೆ.

ಪ್ರಶ್ನೆ: ನಮ್ಮದು ಕಂಸಾಳೆ ತಂಡ. ಐಎಲ್‌ಎಂಸಿಗೆ ಅರ್ಜಿ ಹಾಕಬಹುದಾ ಮೇಡಂ ಅಥವಾ ಸರ್? (ಓದುಗರು, ಚಾಮರಾಜನಗರ)

ಉತ್ತರ: ಸರ್ ಅಂತಾನೇ ಕರೀರಿ. ನಿಮಗೆ ಸರಿಹೋಗೋದು ಐಎಲ್‌ಎಂಸಿ ಅಲ್ಲ, ವೊಮೆಕ್ಸ್. ವರ್ಲ್ಡ್ ಮ್ಯೂಸಿಕ್, ಅಂದ್ರೆ ಬೇರೆಬೇರೆ ನಾಡಿನ ಜಾನಪದ, ಸಾಂಪ್ರದಾಯಿಕ ಸಂಗೀತದ ಕಲಾವಿದರು, ಅವರನ್ನ ಕರೆಸೋ ಫೆಸ್ಟಿವಲ್‌ನವರು ಸೇರೋ ಮೇಳ, 1994ರಲ್ಲಿ ಬರ್ಲಿನ್ನಲ್ಲಿ ಶುರುವಾಯ್ತು, ಈಗ ಯುರೋಪಿನ ಬೇರೆಬೇರೆ ಊರುಗಳಲ್ಲಿ ನಡಿಯತ್ತೆ, 2023ರಲ್ಲಿ ಸ್ಪೇನಿನ ಆ ಕೊರುನ್ಯಾ, 2024ರಲ್ಲಿ ಮ್ಯಾಂಚೆಸ್ಟರ್. ಅಲ್ಲಿ ನಿಜವಾಗ್ಲೂ ಹಾಡ್ತಾರೆ. ಬಂದ ಅರ್ಜಿಗಳಿಂದ ಒಂದು ಜ್ಯೂರಿ ಆರಿಸತ್ತೆ, ಆಯ್ಕೆಯಾದೋರು ಕೆಳಗೆ ಕೂತ ಫೆಸ್ಟಿವಲ್ ನಿರ್ದೇಶಕರ ಮುಂದೆ ಮುಕ್ಕಾಲು ಗಂಟೆ ಹಾಡಬೇಕು. ಇಂಥ ಶೋಕೇಸ್‌ಗಳಲ್ಲಿ ಸಾಮಾನ್ಯವಾಗಿ ಸಂಭಾವನೆ ನೆಚ್ಚಿಕೊಳ್ಳೋಹಾಗಿಲ್ಲ, ಟಿಕೆಟ್ಟು ವೀಸಾ ದುಡ್ಡು ಎಲ್ಲಿಂದ ಅನ್ನೋದನ್ನ ಮೊದಲೇ ಯೋಚನೆ ಮಾಡಿ, ಸರ್ಕಾರದ ಸಾಂಸ್ಕೃತಿಕ ಇಲಾಖೆಗೆ ಬೇಗ ಪತ್ರ ಬರೀರಿ.

ಅದಕ್ಕೂ ಮುಂಚೆ ಮೂರು ಕೆಲಸ. ಎಡಿಟ್ ಮಾಡದ, ಡ್ರೋನ್ ಶಾಟ್ ಇಲ್ಲದ ಹತ್ತು ನಿಮಿಷದ ವಿಡಿಯೋ, ಮಾದಪ್ಪನ ಪದ ಹಾಡ್ತಾ ಕಂಸಾಳೆ ಬೀಸೋವಾಗ ಕೈ ಕಾಲು ಮುಖ ಮೂರೂ ಕಾಣಬೇಕು. ಎಷ್ಟು ಮೈಕು, ಯಾರು ಎಲ್ಲಿ ನಿಲ್ತಾರೆ, ಎಷ್ಟಗಲ ಜಾಗ ಬೇಕು ಅಂತ ಒಂದು ಪುಟದ ನಕ್ಷೆ. ಆಮೇಲೆ ತಂಡದ ಎಲ್ಲರ ಪಾಸ್‌ಪೋರ್ಟ್, ಹಿರಿಯರದ್ದು ಮೊದಲು, ಯಾಕಂದ್ರೆ ಎಷ್ಟೋ ಸಲ ಅವರ ಹುಟ್ಟಿದ ದಿನಾಂಕದ ದಾಖಲೇನೇ ಇರಲ್ಲ, ಅದೊಂದಕ್ಕೇ ತಿಂಗಳುಗಟ್ಟಲೆ ಹಿಡಿಯತ್ತೆ.

ಪ್ರಶ್ನೆ: ಆರ್ಥರ್ ಅವಾರ್ಡ್ ಅಂದ್ರೇನು? (ಓದುಗ, ತುಮಕೂರು)

ಉತ್ತರ: ಐಎಲ್‌ಎಂಸಿಯ ರಾತ್ರಿ ಔತಣದಲ್ಲಿ ಕೊಡೋ ಪ್ರಶಸ್ತಿಗಳು. ಜೀವಮಾನದ ಕೆಲಸಕ್ಕೆ ಬಾಟಲ್ ಅವಾರ್ಡ್ ಅಂತ ಬೇರೆ ಇದೆ. ಪ್ರೇಕ್ಷಕರಿಗೆ ಹೆಸರೇ ಗೊತ್ತಿರದ ಜನಕ್ಕೆ ಅವರ ಜೊತೆಯವರೇ ಎದ್ದು ಚಪ್ಪಾಳೆ ಹೊಡೆಯೋದು, ಅದು ನಂಗಿಷ್ಟ.

ಪ್ರಶ್ನೆ: ನನ್ನ ಮಗಳು ಕಾನ್ಸರ್ಟ್ ಪ್ರೊಡಕ್ಷನ್ ಕೆಲಸಕ್ಕೆ ಸೇರ್ತೀನಿ ಅಂತಾಳೆ. ಜೂನಲ್ಲಿ ಚಿನ್ನಸ್ವಾಮಿ ಹತ್ರ ಆಗಿದ್ದು ನೋಡಿದ ಮೇಲೆ ಭಯ. ಕಳಿಸ್ಲಾ? (ಓದುಗರು, ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಭಯ ನ್ಯಾಯವಾದದ್ದು. 2025ರ ಜೂನ್ 4ರಂದು ಸ್ಟೇಡಿಯಂ ಗೇಟುಗಳ ಹತ್ರ 11 ಜನ ಹೋದ್ರು, ಎಷ್ಟೋ ಜನ ನಿಮ್ಮ ಮಗಳ ವಯಸ್ಸಿನವರೇ. ಅದು ಕ್ರಿಕೆಟ್ ಸಂಭ್ರಮ, ಆದ್ರೂ ಜನರ ಒತ್ತಡ ಕೆಲಸ ಮಾಡೋ ರೀತಿ ಕಾನ್ಸರ್ಟಲ್ಲೂ ಅದೇ. 2021ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಸಂಗೀತ ಉತ್ಸವದಲ್ಲಿ ನೂಕುನುಗ್ಗಲಿಗೆ 10 ಜನ ಹೋದ್ರು. ಅದಕ್ಕೂ ಮುಂಚೆ 2015ರಲ್ಲಿ ಪ್ಯಾರಿಸ್‌ನ ಬಾಟಕ್ಲಾನ್ ಹಾಲಲ್ಲಿ, 2017ರಲ್ಲಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಕಾನ್ಸರ್ಟ್‌ಗೆ ಬಂದವರ ಮೇಲೇ ದಾಳಿ ಆಗಿತ್ತು. ಸುರಕ್ಷತೆ ವಿಷಯಕ್ಕೇ ಅಂತ ಐಎಲ್‌ಎಂಸಿಯವರು ಬೇರೆ ಸಮಾವೇಶಾನೇ ಶುರು ಮಾಡಿದಾರೆ. ನಮ್ಮಲ್ಲಿ ಆ ಮಾತು ಸಾಲದು, ಸ್ಟೇಜ್ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳ್ತಾರೆ, ಗೇಟ್ ಎಷ್ಟಗಲ ಅಂತ ಕೇಳೋರು ಕಮ್ಮಿ. ಕೇಳೋ ಹುಡುಗೀರು ಈ ಕೆಲಸಕ್ಕೆ ಬರಲಿ ಅಂತ ನನ್ನ ಆಸೆ, ಕಳಿಸಿ.

ಸೇರೋ ಮುಂಚೆ ಕಂಪನಿಯವರನ್ನ ಇಷ್ಟು ಕೇಳಲಿ: ಆಂಬುಲೆನ್ಸ್ ನಿಲ್ಲೋದೆಲ್ಲಿ, ಜನ ಹೊರಗೆ ಹೋಗೋ ದಾರಿ ಎಷ್ಟು, ಶೋ ನಿಲ್ಲಿಸಿ ಅನ್ನೋ ಅಧಿಕಾರ ಯಾರಿಗಿದೆ. ಆ ಕೊನೇ ಪ್ರಶ್ನೆಗೆ ಒಬ್ಬರ ಹೆಸರು ಹೇಳಲಿಲ್ಲ ಅಂದ್ರೆ ಆ ಕಂಪನಿ ಬೇಡ. ಮತ್ತೆ ಶೋ ಬಿಚ್ಚೋದು ಮುಗಿಯೋವಾಗ ರಾತ್ರಿ ಮೂರಾಗತ್ತೆ, ಮನೆಗೆ ಬಿಡೋ ಗಾಡಿ ಯಾರದು ಅಂತ ಆಫರ್ ಲೆಟರಲ್ಲೇ ಬರೆಸ್ಕೊಳ್ಳಲಿ.